ಕಡತಗಳ ಕ್ರಮ, ನೆನಪಿನ ಕ್ರಮ

(ಶಾಲೆಯ ಶತಮಾನೋತ್ಸವ ಸಮಾರಂಭದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣದ ಬರಹರೂಪ)



ಶಾಲೆಯನ್ನು ಕಟ್ಟಿದವರ ತ್ಯಾಗವನ್ನೂ ಇಲ್ಲಿ ಪಾಠ ಹೇಳಿದವರ ನಿಷ್ಠೆಯನ್ನೂ ನನಗಿಂತ ಮೊದಲು ಮಾತನಾಡಿದ ಹಿರಿಯರು ಮನಮುಟ್ಟುವಂತೆ ಹೇಳಿದ್ದಾರೆ. ನನಗೆ ವಹಿಸಿರುವ ವಿಷಯ ಮೇಲುನೋಟಕ್ಕೆ ಬಹಳ ಒಣದು. ಶಾಲೆಯ ಹಳೆಯ ದಾಖಲೆಗಳನ್ನು, ಎಂದರೆ ದಾಖಲಾತಿ ಪುಸ್ತಕ, ಹಾಜರಿ ಪುಸ್ತಕ, ತರಗತಿಯ ಭಾವಚಿತ್ರ, ವಾರ್ಷಿಕೋತ್ಸವದ ಆಮಂತ್ರಣ ಪತ್ರಗಳನ್ನು, ಸ್ಕ್ಯಾನ್ ಮಾಡಿ ಗಣಕಯಂತ್ರದಲ್ಲಿ ಇರಿಸುವ ಕೆಲಸ ಆರಂಭವಾಗಿದೆಯಷ್ಟೆ. ಅವನ್ನು ಯಾವ ಕ್ರಮದಲ್ಲಿ ಇರಿಸಬೇಕು ಎಂಬುದನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದು ಸಮಿತಿಯವರು ಕೇಳಿದರು.

ಇದು ಗುಮಾಸ್ತರ ಚಿಂತೆ ಎಂದು ಯಾರಿಗಾದರೂ ಅನ್ನಿಸಿದರೆ, ಒಂದು ಸಂದರ್ಭವನ್ನು ಊಹಿಸಿಕೊಳ್ಳಿ. ನಾಳೆ ಮಸಿನಗುಡಿಯ ಕಡೆಯಿಂದ ವಯಸ್ಸಾದ ತಾಯಿಯೊಬ್ಬರು ಈ ಕಚೇರಿಗೆ ಬರುತ್ತಾರೆ. ಪಿಂಚಣಿಗಾಗಿ ಅವರಿಗೆ ಹುಟ್ಟಿದ ದಿನಾಂಕದ ಆಧಾರ ಬೇಕು. ಮನೆಯಲ್ಲಿ ಹುಟ್ಟಿದ ಮಗು. ಆಸ್ಪತ್ರೆಯ ಚೀಟಿ ಇಲ್ಲ, ಜಾತಕ ಇಲ್ಲ. ಎರಡೋ ಮೂರೋ ವರ್ಷ ಅವರು ಈ ಶಾಲೆಯಲ್ಲಿ ಓದಿದ್ದರು ಎಂಬುದೊಂದೇ ಆಸರೆ. ನಮ್ಮ ದಾಖಲಾತಿ ಪುಸ್ತಕದಲ್ಲಿ ಅವರದೊಂದು ಸಾಲು ಇದ್ದೇ ಇರುತ್ತದೆ. ಆದರೆ ಆ ಸಾಲು ಯಾವ ಪುಟದಲ್ಲಿದೆ, ಆ ಪುಟದ ಚಿತ್ರ ಯಾವ ಹೆಸರಿನಲ್ಲಿದೆ, ಆ ಹೆಸರು ಪಟ್ಟಿಯ ಯಾವ ಜಾಗದಲ್ಲಿದೆ ಎಂಬುದು ತಿಳಿಯದಿದ್ದರೆ, ಇದ್ದ ದಾಖಲೆಯೂ ಇಲ್ಲದಂತೆಯೇ. ಗೆದ್ದಲು ತಿಂದ ಪುಸ್ತಕಕ್ಕೂ ಹುಡುಕಲು ಬಾರದ ಕಡತಕ್ಕೂ ಆ ತಾಯಿಯ ಪಾಲಿಗೆ ವ್ಯತ್ಯಾಸವಿಲ್ಲ.

ಗಣಕಯಂತ್ರದ ‘ಫೈಲ್’ಗೆ ನಾವು ‘ಕಡತ’ ಎಂಬ ಪದವನ್ನು ಬಳಸುತ್ತೇವೆ. ಈ ಪದ ಹೊಸದಲ್ಲ. ಹುಣಿಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಟ್ಟೆಗೆ ಬಳಿದು, ಕಪ್ಪಾಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಬಿಳಿಯ ಬಳಪದಿಂದ ಲೆಕ್ಕಪತ್ರ ಬರೆಯುತ್ತಿದ್ದ ಪುಸ್ತಕವೇ ಕಡತ. ಶೃಂಗೇರಿ ಮಠದ ಕಡತಗಳು ಇತಿಹಾಸಕಾರರಿಗೆ ಸುಪರಿಚಿತವಾದವು. ಅಂಥ ಕಡತದಲ್ಲಿ ಕ್ರಮ ಒಂದೇ; ಬಟ್ಟೆ ಒಂದೇ ಪಟ್ಟಿಯಾದುದರಿಂದ ಮೊದಲ ಮಡಿಕೆಯ ಮುಂದೆ ಎರಡನೆಯದು ಬಂದೇ ತೀರಬೇಕು. ತಾಳೆಗರಿಯ ಸ್ಥಿತಿ ಬೇರೆ. ದಾರ ಕಡಿದರೆ ಗರಿಗಳು ಚೆದರುತ್ತವೆ. ಅದಕ್ಕಾಗಿಯೇ ಲಿಪಿಕಾರರು ಗರಿಯ ಅಂಚಿನಲ್ಲಿ ಸಂಖ್ಯೆಯನ್ನು ಬರೆಯುತ್ತಿದ್ದರು. ದಾರ ಹೋದರೂ ಸಂಖ್ಯೆ ಉಳಿಯುತ್ತದೆ. ಸಂಖ್ಯೆ ಉಳಿದರೆ ಗ್ರಂಥ ಉಳಿಯುತ್ತದೆ. ಇಂದಿನ ಗಣಕಯಂತ್ರದ ಕಡತ ಹೆಸರಿನಲ್ಲಿ ಕಡತವಾದರೂ ಸ್ವಭಾವದಲ್ಲಿ ತಾಳೆಗರಿ. ಅದರ ಅಂಚಿನಲ್ಲಿ ನಾವು ಏನನ್ನು ಬರೆಯುತ್ತೇವೆ ಎಂಬುದೇ ಮುಖ್ಯ ಪ್ರಶ್ನೆ.

ಮೊದಲಿಗೆ ಒಂದು ಅಪನಂಬಿಕೆಯನ್ನು ನಿವಾರಿಸಬೇಕು. ಗಣಕಯಂತ್ರದಲ್ಲಿ ಒಂದು ಫೋಲ್ಡರನ್ನು ತೆರೆದಾಗ ಕಾಣುವ ಸಾಲು ಕಡತಗಳು ನಿಜವಾಗಿ ಕುಳಿತಿರುವ ಸಾಲಲ್ಲ. ಅದು ಯಂತ್ರ ನಮಗಾಗಿ ಆ ಕ್ಷಣಕ್ಕೆ ಕಟ್ಟಿ ತೋರಿಸುವ ಸಾಲು. ಖಾಲಿ ಜಾಗದಲ್ಲಿ ಮೌಸಿನ ಬಲಗುಂಡಿ ಒತ್ತಿ ‘ಸಾರ್ಟ್ ಬೈ’ ಎಂಬುದನ್ನು ಆರಿಸಿದರೆ ಹೆಸರು, ದಿನಾಂಕ, ಬಗೆ, ಗಾತ್ರ ಎಂಬ ಆಯ್ಕೆಗಳು ಕಾಣುತ್ತವೆ. ಏರಿಕೆ, ಇಳಿಕೆ ಎಂದು ಎರಡು ದಿಕ್ಕುಗಳೂ ಉಂಟು. ಯಾವುದನ್ನು ಆರಿಸಿದರೂ ಒಳಗಿನ ಕಡತ ಕದಲುವುದಿಲ್ಲ, ಕೆಡುವುದಿಲ್ಲ. ಆದ್ದರಿಂದ ನಮ್ಮ ಶಿಕ್ಷಕರು ಈ ಆಯ್ಕೆಗಳನ್ನು ಅಂಜದೆ ಬದಲಿಸಿ ನೋಡಬಹುದು. ಆದರೆ ಯಂತ್ರ ತನ್ನ ಬಳಿ ಇರುವ ಮಾಹಿತಿಯಿಂದ ಮಾತ್ರ ಸಾಲು ಕಟ್ಟಬಲ್ಲದು. ನಾವು ಕೊಡದಿದ್ದುದನ್ನು ಅದು ಊಹಿಸಲಾರದು.

ದಿನಾಂಕದ ಕ್ರಮವನ್ನೇ ನೋಡೋಣ. 1962ರ ಸ್ವಾತಂತ್ರ್ಯೋತ್ಸವದ ಭಾವಚಿತ್ರವೊಂದು ಯಾರದೋ ಮನೆಯ ಗೋಡೆಯಲ್ಲಿದೆ ಎನ್ನಿ. ಅವರ ಮೊಮ್ಮಗ ಅದನ್ನು ಮೊಬೈಲಿನಲ್ಲಿ ತೆಗೆದು ವಾಟ್ಸ್ಆ್ಯಪಿನಲ್ಲಿ ಕಳುಹಿಸುತ್ತಾನೆ. ಹಾಗೆ ಬಂದ ಚಿತ್ರದ ಹೆಸರಿನಲ್ಲಿ ಅದು ಮೊಬೈಲಿಗೆ ಬಂದ ದಿನದ ಅಂಕಿಗಳಿರುತ್ತವೆ. ಅದನ್ನು ಶಾಲೆಯ ಯಂತ್ರಕ್ಕೆ ಇಳಿಸಿದಾಗ ಇಳಿಸಿದ ದಿನ ಸೇರುತ್ತದೆ. ಪೆನ್‌ಡ್ರೈವಿನಿಂದ ಇನ್ನೊಂದು ಯಂತ್ರಕ್ಕೆ ನಕಲು ಮಾಡಿದರೆ ವಿಂಡೋಸ್ ಆ ನಕಲಿನ ‘ಸೃಷ್ಟಿಯಾದ ದಿನಾಂಕ’ವನ್ನು ನಕಲು ಮಾಡಿದ ಹೊತ್ತೆಂದೇ ಬರೆದುಕೊಳ್ಳುತ್ತದೆ. ಓರೆಯಾದ ಚಿತ್ರವನ್ನು ನೇರಮಾಡಿ ಉಳಿಸಿದರೆ ‘ಬದಲಾದ ದಿನಾಂಕ’ವೂ ಹೊಸದಾಗುತ್ತದೆ. ಇಷ್ಟೆಲ್ಲ ದಿನಾಂಕಗಳ ನಡುವೆ 1962 ಎಂಬುದು ಎಲ್ಲಿಯೂ ಇಲ್ಲ! ದಿನಾಂಕದ ಕ್ರಮದಲ್ಲಿ ಜೋಡಿಸಿದರೆ ಮೊನ್ನೆಯ ಕ್ರೀಡಾಕೂಟದ ಪಕ್ಕದಲ್ಲಿ ಅರುವತ್ತು ವರ್ಷ ಹಿಂದಿನ ಮಕ್ಕಳು ನಿಂತಿರುತ್ತಾರೆ. ಯಂತ್ರ ಬಲ್ಲುದು ಕಡತದ ವಯಸ್ಸನ್ನು. ಚಿತ್ರದೊಳಗಿನ ಕಾಲವನ್ನು ಬಲ್ಲವರು ನಾವು ಮಾತ್ರ. ಆ ಕಾಲವನ್ನು ನಾವೇ ಹೆಸರಿನಲ್ಲಿ ಬರೆಯಬೇಕು.

ಬರೆಯುವಾಗ ವರ್ಷ ಮೊದಲು, ತಿಂಗಳು ಆಮೇಲೆ, ದಿನ ಕೊನೆಗೆ ಇರಲಿ. ನಾವು ರೂಢಿಯಲ್ಲಿ 15-08-1962 ಎಂದು ಬರೆಯುತ್ತೇವೆ. ಹಾಗೆ ಬರೆದರೆ ಎಲ್ಲ ವರ್ಷಗಳ 15ನೆಯ ತಾರೀಖುಗಳು ಒಂದೆಡೆ ಗುಂಪುಗೂಡುತ್ತವೆ. 1962-08-15 ಎಂದು ಬರೆದರೆ ಹೆಸರಿನ ಕ್ರಮವೇ ಕಾಲದ ಕ್ರಮವೂ ಆಗುತ್ತದೆ. 1988ರಲ್ಲಿ ಪ್ರಕಟವಾದ ದಿನಾಂಕ ಬರವಣಿಗೆಯ ಅಂತರರಾಷ್ಟ್ರೀಯ ಮಾನಕವೂ ಇದೇ ಕ್ರಮವನ್ನು ಹೇಳುತ್ತದೆ. ದಿನ ತಿಳಿಯದಿದ್ದರೆ 1962-08-00, ತಿಂಗಳೂ ತಿಳಿಯದಿದ್ದರೆ 1962-00-00 ಎಂದಿರಲಿ. ಹಾಗೆಯೇ ಪುಟಸಂಖ್ಯೆಯನ್ನು 1, 2, 10 ಎಂದು ಬರೆಯುವ ಬದಲು 001, 002, 010 ಎಂದು ಬರೆಯುವುದು ಕ್ಷೇಮ. ಅಂಕಿಯನ್ನು ಅಕ್ಷರದಂತೆ ಎಡದಿಂದ ಓದುವ ತಂತ್ರಾಂಶಕ್ಕೆ 10 ಎಂಬುದು 2ಕ್ಕಿಂತ ಮೊದಲು. ವಿಂಡೋಸ್ 2001ರ ಎಕ್ಸ್‌ಪಿ ಆವೃತ್ತಿಯಿಂದ ಈಚೆಗೆ ಅಂಕಿಗಳನ್ನು ಅವುಗಳ ಬೆಲೆಯಂತೆ ಓದುತ್ತದೆ. ಆದರೆ ಎಲ್ಲ ತಂತ್ರಾಂಶಗಳೂ ಹಾಗಲ್ಲ. ನಾವು ಸೊನ್ನೆಗಳನ್ನು ಬರೆದಿಟ್ಟರೆ ಯಂತ್ರದ ಜಾಣತನವನ್ನು ನಂಬಬೇಕಾದ ಅಗತ್ಯವೇ ಬೀಳುವುದಿಲ್ಲ.

ಇನ್ನು ಅಕ್ಷರಗಳ ಕ್ರಮ. ಕನ್ನಡ ಶಾಲೆಯವರಾದ ನಾವು ಇಲ್ಲಿ ತುಸು ನಿಂತು ನೋಡಬೇಕು. ಅಕಾರದಿಂದ ಳಕಾರದವರೆಗಿನ ವರ್ಣಮಾಲೆಯನ್ನು ಒಂದನೆಯ ತರಗತಿಯಲ್ಲಿ ರಾಗವಾಗಿ ಹೇಳಿದವರು ನಾವು. ಹಕಾರದ ಅನಂತರ ಳಕಾರ, ಅದೇ ಕೊನೆ. ನಮ್ಮ ನಿಘಂಟುಗಳೂ ಈ ಕ್ರಮವನ್ನೇ ಅನುಸರಿಸುತ್ತವೆ. ಈ ಲೆಕ್ಕದಲ್ಲಿ ಕಾವೇರಿ, ಕಾಶಮ್ಮ, ಕಾಳಮ್ಮ ಎಂಬ ಮೂವರು ಹುಡುಗಿಯರ ಹೆಸರು ಹಾಜರಿ ಪುಸ್ತಕದಲ್ಲಿ ಇದೇ ಕ್ರಮದಲ್ಲಿ ಬರಬೇಕು. ಆದರೆ ಗಣಕಯಂತ್ರದ ಸಂಕೇತಸಂಖ್ಯೆಗಳ ಪ್ರಕಾರ ಸಾಲು ಕಟ್ಟಿದರೆ ಕಾಳಮ್ಮ ಎಲ್ಲರಿಗಿಂತ ಮುಂದೆ ಬಂದು ನಿಲ್ಲುತ್ತಾಳೆ.

ಇದಕ್ಕೆ ಕಾರಣವಿದೆ. ಭಾರತೀಯ ಲಿಪಿಗಳಿಗಾಗಿ ರೂಪಿಸಿದ ‘ಇಸ್ಕಿ’ ಎಂಬ ಸಂಕೇತ ವ್ಯವಸ್ಥೆಯಲ್ಲಿ ಎಲ್ಲ ಲಿಪಿಗಳಿಗೂ ಒಂದೇ ಚೌಕಟ್ಟನ್ನು ಮಾಡಿದರು. ದೇವನಾಗರಿಯಲ್ಲಿ ಯಾವ ಮನೆಯಲ್ಲಿ ಯಾವ ಅಕ್ಷರವಿತ್ತೋ ಅದೇ ಮನೆಯಲ್ಲಿ ಕನ್ನಡದ ಸಮಾನ ಅಕ್ಷರವನ್ನೂ ಕೂರಿಸಿದರು. ಅಲ್ಲಿ ಳಕಾರಕ್ಕೆ ಲಕಾರದ ಪಕ್ಕದ ಮನೆ ಸಿಕ್ಕಿತು. 1991ರಲ್ಲಿ ಹೊರಬಂದ ಯೂನಿಕೋಡಿನ ಮೊದಲ ಆವೃತ್ತಿ 1988ರ ಇಸ್ಕಿಯ ಚೌಕಟ್ಟನ್ನು ಅನುಸರಿಸಿತು. ಹೀಗೆ ಲ, ಳ, ವ, ಶ, ಷ, ಸ, ಹ ಎಂಬುದು ಸಂಕೇತಗಳ ಸಾಲಾಯಿತು. ಇದು ಯಾರ ತಪ್ಪೂ ಅಲ್ಲ. ಸಂಕೇತಸಂಖ್ಯೆ ಅಕ್ಷರವನ್ನು ಗುರುತಿಸಲು ಇರುವುದು, ಸಾಲು ಕಟ್ಟಲು ಅಲ್ಲ. ಸಾಲು ಕಟ್ಟಲೆಂದೇ ಯೂನಿಕೋಡಿನವರು ಪ್ರತ್ಯೇಕ ನಿಯಮಗಳನ್ನು ಮಾಡಿದ್ದಾರೆ. ಆ ನಿಯಮಗಳನ್ನು ಬಳಸುವ ತಂತ್ರಾಂಶ ಒಂದು ಬಗೆಯಾಗಿಯೂ ಬಳಸದ ತಂತ್ರಾಂಶ ಇನ್ನೊಂದು ಬಗೆಯಾಗಿಯೂ ತೋರಿಸಬಹುದು. ನಿಮ್ಮ ಯಂತ್ರದಲ್ಲಿ ಕಾವೇರಿ, ಕಾಶಮ್ಮ, ಕಾಳಮ್ಮ ಎಂಬ ಹೆಸರಿನ ಮೂರು ಖಾಲಿ ಫೋಲ್ಡರುಗಳನ್ನು ಮಾಡಿ, ಹೆಸರಿನ ಕ್ರಮದಲ್ಲಿ ಜೋಡಿಸಿ ನೋಡಿ. ಕಾಳಮ್ಮ ಎಲ್ಲಿದ್ದಾಳೆ ಎಂಬುದರಿಂದ ಯಂತ್ರಕ್ಕೆ ನಮ್ಮ ವರ್ಣಮಾಲೆ ಬರುತ್ತದೆಯೆ ಎಂಬುದು ತಿಳಿಯುತ್ತದೆ. ಮಕ್ಕಳಿಗೂ ಇದೊಂದು ಒಳ್ಳೆಯ ಪಾಠ.

ಯೂನಿಕೋಡ್ ಬಳಕೆಗೆ ಬರುವ ಮುನ್ನ ಟೈಪು ಮಾಡಿದ ಕಡತಗಳ ಕಥೆ ಇನ್ನೂ ತೊಡಕಿನದು. ಆ ಕಾಲದ ಫಾಂಟುಗಳಲ್ಲಿ ಕನ್ನಡ ಅಕ್ಷರದ ಆಕಾರ ಮಾತ್ರ ಕಾಣುತ್ತಿತ್ತು. ಒಳಗಿನ ಸಂಕೇತ ಇಂಗ್ಲಿಷಿನದೇ. ಪರದೆಯ ಮೇಲೆ ಕನ್ನಡ ಓದಿದರೂ ಯಂತ್ರ ಅದನ್ನು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳೆಂದೇ ಬಗೆದು ಸಾಲು ಕಟ್ಟುತ್ತಿತ್ತು. ಅಂಥ ಹಳೆಯ ಪಟ್ಟಿಗಳನ್ನು ಮೊದಲು ಯೂನಿಕೋಡಿಗೆ ಪರಿವರ್ತಿಸಿ, ಆಮೇಲೆ ಜೋಡಿಸಬೇಕು.

ನಮ್ಮ ಜಿಲ್ಲೆಯಲ್ಲಿ ಮತ್ತೂ ಒಂದು ವಿಶೇಷವಿದೆ. ಇಲ್ಲಿ ಒಂದೇ ಬೀದಿಯಲ್ಲಿ ಕನ್ನಡ, ತಮಿಳು, ಮಲಯಾಳ, ಬಡಗ ಮಾತುಗಳು ಕೇಳುತ್ತವೆ. ಸರಕಾರಿ ಕಾಗದ ತಮಿಳು, ಇಂಗ್ಲಿಷ್‌ಗಳಲ್ಲಿ ಬರುತ್ತದೆ. ಹೆಸರುಗಳನ್ನು ಬೇರೆ ಬೇರೆ ಲಿಪಿಗಳಲ್ಲಿ ಬರೆದು ಒಂದೇ ಫೋಲ್ಡರಿಗೆ ಹಾಕಿದರೆ, ಸಾಮಾನ್ಯವಾಗಿ ಇಂಗ್ಲಿಷಿನವು ಮೊದಲು, ಆಮೇಲೆ ತಮಿಳು, ಆಮೇಲೆ ಕನ್ನಡ, ಕೊನೆಗೆ ಮಲಯಾಳ ಎಂದು ಬೇರೆ ಬೇರೆ ಕೇರಿಗಳಾಗುತ್ತವೆ. ಜಿಲ್ಲೆಯ ಮುಖ್ಯ ಪಟ್ಟಣವನ್ನೇ ತೆಗೆದುಕೊಳ್ಳಿ. ಊಟಿ ಎಂದು ಬರೆದವರ ಕಡತ ಊಕಾರದಲ್ಲಿ, ಉದಕಮಂಡಲ ಎಂದವರದು ಉಕಾರದಲ್ಲಿ, ಒಟಕಮಂಡ ಎಂದವರದು ಒಕಾರದಲ್ಲಿ. ಇಂಗ್ಲಿಷಿನಲ್ಲಿ ಹಳೆಯ ಹೆಸರು ‘ಓ’ ಅಕ್ಷರದಲ್ಲಿ, ಈಗಿನ ಉದಗಮಂಡಲಂ ‘ಯು’ ಅಕ್ಷರದಲ್ಲಿ. ತಮಿಳು ಲಿಪಿಯಲ್ಲಿ ಕಕಾರ ಗಕಾರಗಳಿಗೆ ಒಂದೇ ಅಕ್ಷರವಾದುದರಿಂದ ಗೂಡಲೂರು ಅಲ್ಲಿ ಕಕಾರದ ಸಾಲಿಗೆ ಸೇರುತ್ತದೆ. ಊರು ಒಂದೇ, ವಿಳಾಸ ಐದಾರು. ಆದ್ದರಿಂದ ಊರುಗಳ ಹೆಸರಿಗೆ ಒಂದು ರೂಪವನ್ನು ನಿಶ್ಚಯಿಸಿ, ಉಳಿದ ರೂಪಗಳನ್ನು ‘ಇದನ್ನು ನೋಡಿ’ ಎಂಬ ಸೂಚನೆಯೊಡನೆ ಅನುಕ್ರಮಣಿಕೆಯಲ್ಲಿ ಕೊಡಬೇಕು.

ವ್ಯಕ್ತಿಗಳ ಹೆಸರಿನಲ್ಲಿ ಈ ತೊಡಕು ಇನ್ನೂ ಹೆಚ್ಚು. ನಮ್ಮಲ್ಲಿ ತಂದೆಯ ಹೆಸರಿನ ಮೊದಲಕ್ಷರ ಮುಂದೆ ಬರುತ್ತದೆ. ಹಾಗೆಯೇ ಸಾಲು ಕಟ್ಟಿದರೆ ಆ ಪಟ್ಟಿ ಮಕ್ಕಳದಲ್ಲ, ಅಪ್ಪಂದಿರದು. ಹೆಣ್ಣುಮಕ್ಕಳಿಗಂತೂ ಮದುವೆಯ ಬಳಿಕ ಗಂಡನ ಹೆಸರಿನ ಅಕ್ಷರ ಸೇರುತ್ತದೆ. ಶಾಲೆಯ ಪುಸ್ತಕದಲ್ಲಿ ‘ಕೆ. ಮಾದಿ’ ಆಗಿದ್ದವರು ಹಳೆಯ ವಿದ್ಯಾರ್ಥಿಗಳ ಪಟ್ಟಿಯಲ್ಲಿ ‘ಆರ್. ಮಾದಿ’ ಆಗಿರುತ್ತಾರೆ. ಯಂತ್ರದ ಕಣ್ಣಿಗೆ ಇವರು ಇಬ್ಬರು. ನಾನು ಆರಂಭದಲ್ಲಿ ಹೇಳಿದ ಆ ತಾಯಿ ಕಳೆದುಹೋಗುವುದು ಇಲ್ಲಿಯೇ. ಆದ್ದರಿಂದ ಮಗುವಿನ ಸ್ವಂತ ಹೆಸರು ಮೊದಲು, ತಂದೆತಾಯಿಯ ಹೆಸರು ಆಮೇಲೆ, ಹಟ್ಟಿ ಅಥವಾ ಊರು ಅದರ ಮುಂದೆ, ಮದುವೆಯ ಬಳಿಕದ ಹೆಸರು ತಿಳಿದಿದ್ದರೆ ಅದು ಬೇರೆಯೇ ಅಂಕಣದಲ್ಲಿ ಇರಲಿ.

ಹಾಗಾದರೆ ಎಲ್ಲವನ್ನೂ ಅಕಾರಾದಿಯಾಗಿ ಜೋಡಿಸಿಬಿಟ್ಟರೆ ಸಾಕೆ? ಸಾಲದು. ಸಮಿತಿಯವರು ದಯವಿಟ್ಟು ಗಮನಿಸಬೇಕಾದ ಮಾತು ಇದು. ದಾಖಲಾತಿ ಪುಸ್ತಕ ಅಕಾರಾದಿಯಾಗಿಲ್ಲ. ಮಕ್ಕಳು ಬಂದು ಸೇರಿದ ಕ್ರಮದಲ್ಲಿದೆ. ಒಂದೇ ದಿನ, ಒಂದರ ಕೆಳಗೊಂದು ಸಾಲಿನಲ್ಲಿ, ಒಂದೇ ಹಟ್ಟಿಯ ನಾಲ್ಕು ಮಕ್ಕಳು ಸೇರಿದ್ದರೆ, ಯಾರೋ ಒಬ್ಬ ಹಿರಿಯರು ಅವರನ್ನೆಲ್ಲ ಕೂಡಿಸಿಕೊಂಡು ಬೆಟ್ಟ ಇಳಿದು ಬಂದಿದ್ದರೆಂದು ಊಹಿಸಬಹುದು. ಅಣ್ಣನ ಕೆಳಗಿನ ಸಾಲಿನಲ್ಲಿ ತಂಗಿಯ ಹೆಸರಿದ್ದರೆ, ಆ ಮನೆಯಲ್ಲಿ ಹೆಣ್ಣುಮಗುವನ್ನೂ ಅಂದೇ ಕಳುಹಿಸಿದರೆಂದು ತಿಳಿಯುತ್ತದೆ. ಈ ಸಂಗತಿ ಯಾವ ಅಂಕಣದಲ್ಲಿಯೂ ಬರೆದಿಲ್ಲ. ಸಾಲುಗಳ ನೆರೆಹೊರೆಯಲ್ಲಿ ಮಾತ್ರ ಇದೆ. ಅಕಾರಾದಿ ಮಾಡಿದೊಡನೆ ಆ ನಾಲ್ಕು ಮಕ್ಕಳು ನಾಲ್ಕು ಕಡೆಗೆ ಚೆದರುತ್ತಾರೆ. ದಾಖಲೆಯ ಮೂಲಕ್ರಮವೂ ದಾಖಲೆಯ ಒಂದು ಭಾಗವೇ ಎಂಬ ತತ್ತ್ವವನ್ನು 1898ರಷ್ಟು ಹಿಂದೆಯೇ ನೆದರ್ಲ್ಯಾಂಡ್ಸಿನ ದಾಖಲೆಪಾಲಕರಾದ ಮುಲ್ಲರ್, ಫೇಯ್ತ್, ಫ್ರುಯಿನ್ ತಮ್ಮ ಕೈಪಿಡಿಯಲ್ಲಿ ಪ್ರತಿಪಾದಿಸಿದರು. ಇಂದಿಗೂ ದಾಖಲೆಗಾರಗಳು ಅದನ್ನು ಮನ್ನಿಸುತ್ತವೆ.

ನಮ್ಮ ನೀಲಗಿರಿಯ ಚರಿತ್ರೆಯೇ ಇದಕ್ಕೊಂದು ನಿದರ್ಶನ. 1868ರಲ್ಲಿ ನೀಲಗಿರಿಯನ್ನು ಕೊಯಮತ್ತೂರಿನಿಂದ ಬೇರ್ಪಡಿಸಿದರು. ಗೂಡಲೂರನ್ನು ಒಳಗೊಂಡ ಆಗ್ನೇಯ ವಯನಾಡು 1877ರಲ್ಲಿ ಮಲಬಾರಿನಿಂದ ನಮ್ಮ ಜಿಲ್ಲೆಗೆ ಬಂತು. ಆದುದರಿಂದ ಗೂಡಲೂರಿನ ಅದಕ್ಕೂ ಹಿಂದಿನ ಸಂಗತಿಯನ್ನು ಹುಡುಕುವವರು ಮಲಬಾರಿನ ಕಡತಗಳನ್ನೇ ನೋಡಬೇಕು. ನಮ್ಮ ಶಾಲೆ ಹುಟ್ಟಿದಾಗ ಇದು ಮದ್ರಾಸ್ ಪ್ರೆಸಿಡೆನ್ಸಿ. 1969ರ ಜನವರಿ 14ರಿಂದ ರಾಜ್ಯದ ಹೆಸರು ತಮಿಳುನಾಡು. ಹಳೆಯ ಕಾಗದದ ತಲೆಬರಹವನ್ನು ಇಂದಿನ ಹೆಸರಿಗೆ ‘ತಿದ್ದಿ’ ಜೋಡಿಸಿದರೆ ಕಾಗದ ಯಾವ ಕಾಲದ್ದೆಂಬ ಸುಳಿವೇ ಅಳಿಸಿಹೋಗುತ್ತದೆ. ಮೂಲದ ಹೆಸರು ಹಾಗೆಯೇ ಇರಲಿ. ಇಂದಿನ ಹೆಸರು ಅನುಕ್ರಮಣಿಕೆಯಲ್ಲಿ ಸೇರಲಿ.

ಹಾಗೆಂದರೆ ಒಂದೇ ದಾಖಲೆಗೆ ಹಲವು ಕ್ರಮಗಳು ಬೇಕು. ಈ ಸಮಸ್ಯೆಯನ್ನು ಆಳವಾಗಿ ಚಿಂತಿಸಿದವರಲ್ಲಿ ಒಬ್ಬರು ಇದೇ ನಾಡಿನವರು. ಶಿಯ್ಯಾಳಿ ರಾಮಾಮೃತ ರಂಗನಾಥನ್ 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು; 1933ರಲ್ಲಿ ಕೋಲನ್ ವರ್ಗೀಕರಣವನ್ನು ಪ್ರಕಟಿಸಿದರು; 1962ರಲ್ಲಿ ಬೆಂಗಳೂರಿನಲ್ಲಿ ದಾಖಲೆ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಆರಂಭಿಸಿದರು. ಒಂದು ಪುಸ್ತಕಕ್ಕೆ ವಿಷಯ, ದೇಶ, ಕಾಲ ಮುಂತಾದ ಹಲವು ಮುಖಗಳಿವೆ, ಆ ಮುಖಗಳನ್ನು ಬಿಡಿಸಿ ಗುರುತಿಸಬೇಕು ಎಂಬುದು ಅವರ ವಿಚಾರದ ತಿರುಳು. ಓದುಗನ ಕಾಲವನ್ನು ಉಳಿಸಬೇಕೆಂಬುದು ಅವರು ವಿಧಿಸಿದ ಐದು ಸೂತ್ರಗಳಲ್ಲಿ ಒಂದು. ಕಪಾಟಿನಲ್ಲಿ ಪುಸ್ತಕಕ್ಕೆ ಒಂದೇ ಜಾಗ. ಪಟ್ಟಿಯಲ್ಲಿ ಹಲವು ದಾರಿ. ಗಣಕಯಂತ್ರ ಈ ಹಲವು ದಾರಿಗಳನ್ನು ಬಹಳ ಸುಲಭ ಮಾಡಿದೆ.

ಆದ್ದರಿಂದ ನನ್ನ ಸಲಹೆ ಇಷ್ಟು. ಕಡತಗಳು ಮೂಲಕ್ರಮದಲ್ಲಿಯೇ ಇರಲಿ: ಒಂದು ಪುಸ್ತಕಕ್ಕೆ ಒಂದು ಫೋಲ್ಡರು, ಪುಟಗಳು ಪುಸ್ತಕದಲ್ಲಿರುವಂತೆಯೇ 001ರಿಂದ. ಭಾವಚಿತ್ರಗಳಿಗೆ ಶಾಲಾವರ್ಷಕ್ಕೊಂದು ಫೋಲ್ಡರು. ಹೆಸರಿನಲ್ಲಿ ದಿನಾಂಕ, ಸಂದರ್ಭ, ಕ್ರಮಸಂಖ್ಯೆ, ಉದಾಹರಣೆಗೆ ‘1962-08-15_ಸ್ವಾತಂತ್ರ್ಯೋತ್ಸವ_003’. ಅಂಕಿಗಳು ಕನ್ನಡದವೋ ಇಂಗ್ಲಿಷಿನವೋ ಯಾವುದಾದರೂ ಒಂದೇ ಆಗಿರಲಿ. ಬೆರಸಿದರೆ ಕೆಲವು ತಂತ್ರಾಂಶಗಳು ಅವನ್ನು ಬೇರೆ ಬೇರೆಯಾಗಿ ಎಣಿಸುತ್ತವೆ. ಇವೆಲ್ಲಕ್ಕೂ ಸೇರಿ ಒಂದೇ ಅನುಕ್ರಮಣಿಕೆಯನ್ನು ಕೋಷ್ಟಕದ ರೂಪದಲ್ಲಿ ಮಾಡಬೇಕು. ಹೆಸರು, ತಂದೆತಾಯಿ, ಹಟ್ಟಿ, ಸೇರಿದ ವರ್ಷ, ಪುಸ್ತಕ, ಪುಟ ಎಂಬ ಅಂಕಣಗಳಿರಲಿ. ಬೇಕಾದವರು ಬೇಕಾದ ಕ್ರಮದಲ್ಲಿ ಅದನ್ನು ಜೋಡಿಸಿಕೊಳ್ಳಬಹುದು.

ಆದರೆ ಇಲ್ಲಿ ಒಂದು ಎಚ್ಚರಿಕೆ. ಫೋಲ್ಡರಿನಲ್ಲಿ ಕ್ರಮ ಬದಲಿಸಿದರೆ ಏನೂ ಕೆಡುವುದಿಲ್ಲ ಎಂದೆ. ಕೋಷ್ಟಕದಲ್ಲಿ ಹಾಗಲ್ಲ, ಅಲ್ಲಿ ಸಾಲುಗಳು ನಿಜವಾಗಿಯೇ ಸ್ಥಳ ಬದಲಿಸುತ್ತವೆ. ಹೆಸರಿನ ಅಂಕಣವೊಂದನ್ನೇ ಆರಿಸಿ ಅಕಾರಾದಿ ಮಾಡಿದರೆ ಹೆಸರುಗಳು ಮಾತ್ರ ಸರಿದು, ಹುಟ್ಟಿದ ದಿನಾಂಕಗಳು ಇದ್ದಲ್ಲೇ ಉಳಿಯುತ್ತವೆ. ಮಾದಿಯ ದಿನಾಂಕ ಬೆಳ್ಳಿಗೆ, ಬೆಳ್ಳಿಯದು ಕಾವೇರಿಗೆ! ಪಟ್ಟಿ ಮಾತ್ರ ಬಹಳ ಅಂದವಾಗಿ ಕಾಣುತ್ತದೆ. ನೋಡಿದವರಿಗೆ ಅನುಮಾನವೇ ಬಾರದ ಕಾರಣ ಈ ಬಗೆಯ ಕೆಡುಕು ಅತ್ಯಂತ ಅಪಾಯಕರ. ‘ಆಯ್ಕೆಯನ್ನು ವಿಸ್ತರಿಸಲೆ?’ ಎಂಬರ್ಥದ ಪ್ರಶ್ನೆಯನ್ನು ತಂತ್ರಾಂಶ ಕೇಳಿದಾಗ ಓದದೆ ಒತ್ತಬಾರದು. ಜೋಡಿಸುವ ಮುನ್ನ ಮೊದಲ ಅಂಕಣದಲ್ಲಿ 1, 2, 3 ಎಂದು ಮೂಲ ಕ್ರಮಸಂಖ್ಯೆಯನ್ನು ಬರೆದಿರಬೇಕು. ಇಡೀ ಕೋಷ್ಟಕವನ್ನು ಆರಿಸಿಯೇ ಜೋಡಿಸಿದಾಗ, ಎಷ್ಟು ಬಗೆಯಾಗಿ ತಿರುಗಿಸಿದರೂ ಆ ಅಂಕಣದಿಂದ ಮೊದಲ ದಿನದ ಸಾಲಿಗೆ ಮರಳಬಹುದು. ಜೋಡಣೆಯ ಪ್ರಯೋಗವೆಲ್ಲ ನಕಲಿನ ಮೇಲೆ ನಡೆಯಲಿ. ಮೂಲ ಪ್ರತಿ ಬೇರೆಡೆ ಭದ್ರವಾಗಿರಲಿ. ತಾಳೆಗರಿಯ ಅಂಚಿನ ಸಂಖ್ಯೆ ಎಂದು ಹೇಳಿದೆನಲ್ಲ, ಅದರ ಇಂದಿನ ರೂಪ ಈ ಅಂಕಣವೇ.

ಈ ಕೆಲಸವನ್ನು ಶಿಕ್ಷಕರ ಮೇಲೆ ಮಾತ್ರ ಹೊರಿಸುವುದು ನ್ಯಾಯವಲ್ಲ. ಹಳೆಯ ವಿದ್ಯಾರ್ಥಿಗಳಾದ ನಾವು ಮಾಡಬಹುದಾದ ಸಹಾಯ ಒಂದುಂಟು. ನಿಮ್ಮ ಮನೆಯಲ್ಲಿರುವ ತರಗತಿಯ ಭಾವಚಿತ್ರವನ್ನು ಕಳುಹಿಸುವಾಗ ವರ್ಷವನ್ನೂ, ಎಡದಿಂದ ಬಲಕ್ಕೆ ನಿಂತವರ ಹೆಸರನ್ನೂ ಬರೆದು ಕಳುಹಿಸಿ. ಆ ಹೆಸರುಗಳನ್ನು ಬಲ್ಲ ಹಿರಿಯರು ನಮ್ಮ ನಡುವೆ ಇನ್ನೂ ಇದ್ದಾರೆ. ಪೋಷಕರು ತಮ್ಮ ಮಕ್ಕಳನ್ನು ಅಜ್ಜ ಅಜ್ಜಿಯರ ಪಕ್ಕದಲ್ಲಿ ಕೂರಿಸಿ ಕೇಳಿ ಬರೆಸಲಿ. ಯಂತ್ರದಲ್ಲಿ ಹೆಸರು ಟೈಪು ಮಾಡುವುದು ಮಕ್ಕಳಿಗೆ ಕ್ಷಣದ ಕೆಲಸ. ಯಂತ್ರಕ್ಕೆ ಸಾಲು ಕಟ್ಟಲು ಬರುತ್ತದೆ, ಮುಖ ಕಂಡು ಹೆಸರು ಹೇಳಲು ಅಜ್ಜಿಯೇ ಬೇಕು.

ಮುಂದಿನ ಶತಮಾನೋತ್ಸವಕ್ಕೆ ನಾವಾರೂ ಇರುವುದಿಲ್ಲ. ಅಂದು ಈ ಕಡತಗಳನ್ನು ತೆರೆಯುವವರು ನಮ್ಮನ್ನು ಕೇಳಿ ತಿಳಿಯಲಾರರು. ನಾವು ಇಟ್ಟ ಹೆಸರು, ಉಳಿಸಿದ ಕ್ರಮ, ಇವೆರಡೇ ಅವರಿಗೆ ದಾರಿ ತೋರಿಸಬೇಕು. ಆ ದಾರಿಯನ್ನು ಸ್ವಚ್ಛವಾಗಿ ಹಾಕಿಕೊಡೋಣ.